ಗೇಟಿನ ಈಚೆ ನಿಂತವರು

ಹಡಗಿನಲ್ಲಿ ದುಡಿಯುವವರ ನಡುವೆ ಸುಮ್ನೆ ಐಎಸ್‌ಪಿಎಸ್ ಅಂತ ಒಂದು ಮಾತು ಎತ್ತಿ ನೋಡಿ. ಹಡಗು, ಬಂದರುಗಳ ಭದ್ರತೆಗೆ ಮಾಡಿದ ಅಂತರರಾಷ್ಟ್ರೀಯ ನಿಯಮಾವಳಿ ಅದು. ಮಾತುಕತೆ ಎರಡು ದಿಕ್ಕಿಗೆ ಹೋಗುತ್ತದೆ. ಕಡಲ್ಗಳ್ಳರ ಭಯ ಇರುವ ನೀರಿನಲ್ಲಿ ರಾತ್ರಿ ಕಳೆದವರು, "ಇರಲಿ ಬಿಡಿ, ಅದು ಬೇಕೇ ಬೇಕು" ಅನ್ನುತ್ತಾರೆ. ಅದೇ ಮನುಷ್ಯ ಸ್ವಲ್ಪ ಹೊತ್ತು ಬಿಟ್ಟು, ಯಾವುದೋ ಬಂದರಿನ ಗೇಟಿನಲ್ಲಿ ತನ್ನನ್ನು ತಡೆದು ವಾಪಸ್ ಕಳಿಸಿದ್ದು ನೆನಪಾಗಿ ಕೆಂಡವಾಗುತ್ತಾನೆ. ಎರಡು ಮಾತೂ ನಿಜ. ಎರಡೂ ಒಂದೇ ಬಾಯಿಂದ ಬಂದವು. ನಾನು ವರ್ಷಗಟ್ಟಲೆ ಡೆಕ್ ಮೇಲೆ ಇದ್ದವನು. ಅದರಲ್ಲಿ ಕೆಲವು ಕಾಂಟ್ರಾಕ್ಟ್‌ಗಳಲ್ಲಿ ಹಡಗಿನ ಸೆಕ್ಯುರಿಟಿ ಆಫೀಸರ್ ಹೊಣೆಯೂ ನನ್ನ ಮೇಲಿತ್ತು. ಹಾಗಾಗಿ ನಿಯಮದ ಪುಸ್ತಕವೂ ಗೊತ್ತು, ಅದನ್ನು ಹೊತ್ತು ತಿರುಗುವವರ ಮುಖವೂ ಗೊತ್ತು. ನನ್ನನ್ನು ಬಿಡದೆ ಕಾಡುವ ಪ್ರಶ್ನೆ ಒಂದೇ. ಇಡೀ ಹಡಗು ಕಾಯುವ ಕೆಲಸಕ್ಕೆ ನಂಬಿಕಸ್ಥ ಅನ್ನಿಸಿಕೊಂಡವನು, ಗ್ಯಾಂಗ್‌ವೇ, ಅಂದರೆ ಹಡಗಿನಿಂದ ದಡಕ್ಕೆ ಹಾಕಿದ ಏಣಿ, ಇಳಿದು ನೂರು ಹೆಜ್ಜೆ ನಡೆಯುವಷ್ಟರಲ್ಲಿ ಅನುಮಾನದ ಮನುಷ್ಯ ಆಗುವುದು ಹೇಗೆ?

ನಿಯಮ ಯಾಕೆ ಬಂತು ಅನ್ನುವುದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. 1985ರಲ್ಲಿ ಅಕಿಲೆ ಲಾರೊ ಹಡಗಿನ ಅಪಹರಣ ಆಯಿತು. 2000ದಲ್ಲಿ ಏಡನ್ ಬಂದರಿನಲ್ಲಿ ಅಮೆರಿಕದ ಯುದ್ಧನೌಕೆ ಕೋಲ್ ಮೇಲೆ ದಾಳಿ ನಡೆಯಿತು. 2002ರ ಅಕ್ಟೋಬರ್‌ನಲ್ಲಿ ಯೆಮೆನ್ ಕರಾವಳಿಯ ಹತ್ತಿರ ಲಿಂಬರ್ಗ್ ಟ್ಯಾಂಕರ್‌ಗೆ ಸ್ಫೋಟಕ ತುಂಬಿದ ದೋಣಿ ಬಂದು ಗುದ್ದಿತು, ಒಬ್ಬ ನಾವಿಕ ಸತ್ತ. ನ್ಯೂಯಾರ್ಕ್ ದಾಳಿ ಆಗಿ ಹದಿನೈದು ತಿಂಗಳಿಗೆ, 2002ರ ಡಿಸೆಂಬರ್‌ನಲ್ಲಿ, ಲಂಡನ್ನಿನಲ್ಲಿ ಸೇರಿದ ಸಮ್ಮೇಳನ ಐಎಸ್‌ಪಿಎಸ್ ನಿಯಮಾವಳಿಯನ್ನು ಒಪ್ಪಿಕೊಂಡಿತು. ಅದು ಜಾರಿಗೆ ಬರುವ ಮುಂಚೆಯೇ, 2004ರ ಫೆಬ್ರವರಿಯಲ್ಲಿ, ಫಿಲಿಪ್ಪೀನ್ಸ್‌ನ ಸೂಪರ್‌ಫೆರಿ 14ರಲ್ಲಿ ಬಾಂಬ್ ಸಿಡಿದು ನೂರಕ್ಕೂ ಜಾಸ್ತಿ ಜನ ತೀರಿಕೊಂಡರು. 2004ರ ಜುಲೈ 1ಕ್ಕೆ ನಿಯಮಾವಳಿ ಜಾರಿಗೆ ಬಂದೇಬಿಟ್ಟಿತು. ಕಡಲ ಕಾನೂನು ಸಾಮಾನ್ಯವಾಗಿ ಇಷ್ಟು ಬೇಗ ಓಡುವುದಿಲ್ಲ. ಆ ಅವಸರದಲ್ಲಿ ಯೋಜನೆ ಬರೆದವರು, ಆಡಿಟ್ ಮಾಡಿದವರು, ಬೇಲಿ ಎಬ್ಬಿಸಿದವರು ಎಲ್ಲ ಇದ್ದರು. ಬೇಲಿಯ ಒಳಗೆ ಬದುಕುವವರನ್ನು ಕೇಳಲು ಮಾತ್ರ ಯಾರಿಗೂ ಹೊತ್ತು ಸಿಗಲಿಲ್ಲ ಅಂತ ಹಳಬರು ಈಗಲೂ ಹೇಳುತ್ತಾರೆ.

ಗ್ಯಾಂಗ್‌ವೇ ಬುಡದಲ್ಲಿ

ಬಂದರಿನಲ್ಲಿ ಹಡಗಿನ ಭದ್ರತೆ ಅಂದರೆ ಹೆಚ್ಚುಕಡಿಮೆ ಒಬ್ಬ ಮನುಷ್ಯ. ಗ್ಯಾಂಗ್‌ವೇ ತುದಿಯಲ್ಲಿ ನಿಂತ ಒಬ್ಬ ಎ.ಬಿ., ಅಂದರೆ ಅನುಭವಿ ಡೆಕ್ ನಾವಿಕ. ಕೈಯಲ್ಲಿ ರೇಡಿಯೊ, ಪಕ್ಕದಲ್ಲಿ ಸಂದರ್ಶಕರ ರಿಜಿಸ್ಟರ್, ಕೊಕ್ಕೆಗೆ ನೇತುಹಾಕಿದ ವಿಸಿಟರ್ ಪಾಸ್‌ಗಳು. ಹಡಗು ಕಟ್ಟಿದ ಮೊದಲ ಗಂಟೆಯಲ್ಲೇ ಏಜೆಂಟ್ ಬರುತ್ತಾನೆ, ಕಸ್ಟಮ್ಸ್, ಇಮಿಗ್ರೇಶನ್, ಸರ್ವೇಯರ್, ಸಾಮಾನು ಸರಬರಾಜಿನವರು, ರೇಡಾರ್ ರಿಪೇರಿಯವರು ಬರುತ್ತಾರೆ. ಆಮೇಲೆ ಸರಕು ಏರಿಸಿ ಇಳಿಸುವ ಸ್ಟೀವಡೋರ್‌ಗಳ ಇಡೀ ಗ್ಯಾಂಗ್ ಒಟ್ಟಿಗೆ ಹತ್ತುತ್ತದೆ. ಒಬ್ಬೊಬ್ಬರ ಕಾರ್ಡ್ ನೋಡಬೇಕು, ಹೆಸರು ಬರೆಸಬೇಕು, ಚೀಲ ನೋಡಬೇಕು, ಯಾರನ್ನು ನೋಡಲು ಬಂದಿದ್ದಾರೋ ಅವರಿಗೆ ರೇಡಿಯೊದಲ್ಲಿ ತಿಳಿಸಬೇಕು. ನೀರು ಏರಿಳಿದಂತೆ ಗ್ಯಾಂಗ್‌ವೇಯನ್ನು ಎತ್ತಿ ಇಳಿಸುವವನೂ ಅವನೇ. ಬಲೆ ಸರಿ ಇದೆಯಾ, ಹಗ್ಗಗಳು ಬಿಗಿಯಾಗಿವೆಯಾ, ಇಲಿತಡೆ ತಟ್ಟೆ ಜಾರಿದೆಯಾ ಅಂತ ಕಣ್ಣಿಡುವವನೂ ಅವನೇ. ಹಡಗನ್ನು ದಡಕ್ಕೆ ಕಟ್ಟಿದ ಮೂರಿಂಗ್ ಹಗ್ಗ ಸಡಿಲಾದರೆ ಅವನು ಅಲ್ಲಿಗೆ ಓಡಬೇಕು. ಆ ಎರಡು ನಿಮಿಷ ಗ್ಯಾಂಗ್‌ವೇ ಖಾಲಿ. ಆ ಎರಡು ನಿಮಿಷದಲ್ಲಿ ಇನ್ಸ್‌ಪೆಕ್ಟರ್ ಹತ್ತಿ ಬಂದರೆ ವರದಿಯಲ್ಲಿ ಒಂದು ಲೋಪ.

ಒಂದು ಮಧ್ಯಾಹ್ನ ನಾನು ಮೇಲಿನ ಡೆಕ್‌ನಿಂದ ನೋಡುತ್ತಿದ್ದೆ. ಬಾಯ್ಲರ್ ಸೂಟ್, ಹೆಲ್ಮೆಟ್ ಹಾಕಿದ ಇಬ್ಬರು ದಡದಡ ಹತ್ತಿ ಬಂದರು. ಮುಂದಿನವನು ಕಿವಿಗೆ ಫೋನ್ ಒತ್ತಿಕೊಂಡಿದ್ದ. ಇನ್ನೊಂದು ಕೈಯಲ್ಲಿ ಒಂದು ಕಾರ್ಡನ್ನು ಗಾಳಿಯಲ್ಲಿ ಹೀಗೆ ಬೀಸಿ, ಮಾತಾಡುತ್ತಲೇ ಒಳಗೆ ನಡೆದ. ಗ್ಯಾಂಗ್‌ವೇಯಲ್ಲಿದ್ದ ನಮ್ಮ ಎ.ಬಿ. ವಯಸ್ಸಾದವನು, ಮಾತು ಕಡಿಮೆ. ಅವನು ಕೂಗಲಿಲ್ಲ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಬಾಗಿಲ ದಾರಿಗೆ ಅಡ್ಡ ನಿಂತ. ಕೈ ಚಾಚಿದ. ಫೋನಿನವನು ಸಿಡುಕಿದ, ತಡವಾಗುತ್ತಿದೆ ಅಂದ, ನಿಮ್ಮ ಕ್ಯಾಪ್ಟನ್ ನನಗೆ ಗೊತ್ತು ಅಂದ. ಎ.ಬಿ. ಚಾಚಿದ ಕೈ ಹಿಂದೆ ತೆಗೆಯಲಿಲ್ಲ. ಕಾರ್ಡ್ ಕೈಗೆ ಬಂದ ಮೇಲೆ ಫೋಟೊ ನೋಡಿದ, ಮುಖ ನೋಡಿದ, ಮತ್ತೆ ಫೋಟೊ ನೋಡಿದ. ತಾರೀಖು ಮುಗಿದುಹೋಗಿದೆ ಅಂತ ಬೆರಳಿಟ್ಟು ತೋರಿಸಿ ನನಗೆ ರೇಡಿಯೊ ಮಾಡಿದ. ಬಂದವರು ಪೋರ್ಟ್ ಸ್ಟೇಟ್ ತಪಾಸಣೆಯವರು, ಅಂದರೆ ಬಂದ ಹಡಗುಗಳನ್ನು ಪರಿಶೀಲಿಸುವ ಆ ದೇಶದ ಅಧಿಕಾರಿಗಳು. ಹಳೇ ಕಾರ್ಡ್ ಬೇಕೆಂದೇ ಹಿಡಿದು ಬಂದಿದ್ದರು, ಪರೀಕ್ಷೆ ಮಾಡಲು. ಆಮೇಲೆ ಕ್ಯಾಪ್ಟನ್ ಕ್ಯಾಬಿನ್ನಿನಲ್ಲಿ ಕೂತು ಆ ಎ.ಬಿ.ಯನ್ನು ಬಾಯ್ತುಂಬ ಹೊಗಳಿದರು.

ಈ ಕೆಲಸಕ್ಕೆ ಹೆಚ್ಚುವರಿ ಜನ ಎಲ್ಲಿ? ಇದು ನಮ್ಮವರ ಹಳೆಯ, ನ್ಯಾಯವಾದ ದೂರು. ದೊಡ್ಡ ಹಡಗಿನಲ್ಲೂ ಒಟ್ಟು ಇಪ್ಪತ್ತು ಚಿಲ್ಲರೆ ಜನ. ಕನಿಷ್ಠ ಸಿಬ್ಬಂದಿ ಎಷ್ಟು ಅಂತ ಹೇಳುವ ಪತ್ರ ಸುರಕ್ಷಿತ ಸಂಚಾರವನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ, ಭದ್ರತೆಯ ಹೊರೆಯನ್ನೂ ಗಮನಿಸಬೇಕು ಅಂತ ಐಎಸ್‌ಪಿಎಸ್‌ನ ಎರಡನೇ ಭಾಗವೇ ಹೇಳುತ್ತದೆ. ಆದರೆ ಎರಡನೇ ಭಾಗ ಮಾರ್ಗದರ್ಶನ, ಕಡ್ಡಾಯ ಅಲ್ಲ. ಇಪ್ಪತ್ನಾಲ್ಕು ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರಕ್ಕೆ 77 ಗಂಟೆ ವಿಶ್ರಾಂತಿ ಅಂತ ಇನ್ನೊಂದು ನಿಯಮ ಹೇಳುತ್ತದೆ. ಎರಡು ದಿನಕ್ಕೊಂದು ಬಂದರು ಮುಟ್ಟುವ ಹಡಗಿನಲ್ಲಿ ಸರಕು ನೋಡಿಕೊಳ್ಳುವ ಪಾಳಿ ಅಂದರೆ ಕಾರ್ಗೊ ವಾಚ್, ಗ್ಯಾಂಗ್‌ವೇ ವಾಚ್, ಮೂರಿಂಗ್ ಸ್ಟೇಶನ್, ಹೊರಡುವ ಮುನ್ನ ಕಳ್ಳಪ್ರಯಾಣಿಕರಿಗಾಗಿ ಹುಡುಕಾಟ, ಇಷ್ಟನ್ನೂ ಅದೇ ಮೂರ್ನಾಲ್ಕು ಜನ ಮಾಡಿ ಆ ಲೆಕ್ಕ ಕೂಡಿಸಬೇಕು. ಕಾಗದದ ಮೇಲೆ ಲೆಕ್ಕ ಯಾವಾಗಲೂ ಕೂಡುತ್ತದೆ. ಬೆಳಗಿನ ಜಾವ ನಾಲ್ಕಕ್ಕೆ ಗ್ಯಾಂಗ್‌ವೇ ಹತ್ತಿರ ಹೋಗಿ ಕಾವಲಿನವನ ಕಣ್ಣು ನೋಡಿದರೆ ನಿಜ ಗೊತ್ತಾಗುತ್ತದೆ. ಭದ್ರತೆಗೆ ಕ್ಯಾಮೆರಾ, ಬೀಗ, ಸೀಲ್ ಎಲ್ಲ ಕೊಳ್ಳಲು ಹಣ ಸಿಗುತ್ತದೆ. ಒಬ್ಬ ನಾವಿಕನನ್ನು ಹೆಚ್ಚು ಇಟ್ಟುಕೊಳ್ಳಲು ಸಿಗುವುದಿಲ್ಲ. ನನ್ನ ಮಟ್ಟಿಗೆ ನಿದ್ದೆ ಮಾಡಿ ಎದ್ದ ಕಾವಲುಗಾರನಿಗಿಂತ ದೊಡ್ಡ ಭದ್ರತಾ ಉಪಕರಣ ಇನ್ನೊಂದಿಲ್ಲ.

ಅದೇ ಎ.ಬಿ., ಇನ್ನೊಂದು ಬಂದರು

ಕೆಲವು ವಾರ ಕಳೆದು ಬೇರೆ ದೇಶದ ಒಂದು ಟರ್ಮಿನಲ್‌ಗೆ ಹೋದೆವು. ಬಂದರಿನ ಹೆಸರು ಹೇಳುವುದಿಲ್ಲ. ಡೆಕ್ ಮೇಲೆ ನಿಂತರೆ ಬೇಲಿಯ ಆಚೆ ನಾವಿಕರ ಕ್ಲಬ್ಬಿನ ಬೋರ್ಡ್ ಓದುವಷ್ಟು ಹತ್ತಿರ. ಆ ಎ.ಬಿ.ಗೆ ಮಧ್ಯಾಹ್ನದ ವಾಚ್ ಮುಗಿದು ರಾತ್ರಿ ವಾಚ್‌ವರೆಗೆ ಬಿಡುವಿತ್ತು. ಅವನ ಮಗಳ ಪರೀಕ್ಷೆಯ ಫಲಿತಾಂಶ ಆ ದಿನ ಬರುವುದಿತ್ತು. ಹಡಗಿನ ಇಂಟರ್ನೆಟ್ ಕೋಟಾ ಮುಗಿದಿತ್ತು. ಕ್ಲಬ್ಬಿಗೆ ಹೋಗಿ ಮನೆಯವರ ಮುಖ ನೋಡಿ ಮಾತಾಡಿ ಬರುತ್ತೇನೆ ಅಂತ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ದಡಕ್ಕೆ ಇಳಿಯುವ ಶೋರ್ ಪಾಸ್ ಇತ್ತು, ನಾವಿಕನ ಗುರುತಿನ ಪುಸ್ತಕ ಸಿಡಿಸಿ ಇತ್ತು, ಕ್ಯಾಪ್ಟನ್ ಅನುಮತಿ ಇತ್ತು. ನನಗೂ ಬಿಡುವಿತ್ತು, ಜೊತೆಗೆ ಇಳಿದೆ.

ಟರ್ಮಿನಲ್ ಒಳಗೆ ನಡೆಯುವಂತಿಲ್ಲ. ಅದು ಸರಿಯೇ, ಕಂಟೇನರ್ ಎತ್ತಿ ಸಾಗಿಸುವ ಸ್ಟ್ರಾಡಲ್ ಕ್ಯಾರಿಯರ್‌ಗಳು ಓಡಾಡುವ ಜಾಗ ಅದು. ವ್ಯಾನ್ ಬರಬೇಕು. ವ್ಯಾನ್‌ಗೆ ಕಾದೆವು. ಅದು ಬಂದಾಗ ಅರ್ಧ ಬಿಡುವು ಕರಗಿತ್ತು. ಗೇಟಿನಲ್ಲಿ ಕಾವಲಿನ ಹುಡುಗ ಪಟ್ಟಿ ತೆಗೆದು ಬೆರಳಾಡಿಸಿದ. ನನ್ನ ಹೆಸರಿತ್ತು. ಎ.ಬಿ.ಯ ಹೆಸರಿರಲಿಲ್ಲ. ಏಜೆಂಟ್ ಕಳಿಸಿದ ಪಟ್ಟಿಯಲ್ಲಿ ಒಂದು ಪುಟ ಬಿಟ್ಟುಹೋಗಿತ್ತು ಅಂತ ಆಮೇಲೆ ತಿಳಿಯಿತು. ಶೋರ್ ಪಾಸ್ ತೋರಿಸಿದೆವು. "ಅದು ದೇಶದ ಒಳಗೆ ಬರಲು. ಟರ್ಮಿನಲ್‌ನಿಂದ ಹೊರಗೆ ಹೋಗಲು ಈ ಪಟ್ಟಿ ಬೇಕು" ಅಂದ. ಆ ಹುಡುಗ ಒರಟಾಗಿ ಮಾತಾಡಲಿಲ್ಲ, ಅದನ್ನು ಹೇಳಲೇಬೇಕು. ಆಫೀಸಿಗೆ ಫೋನ್ ಮಾಡಿದ, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದ. ಕೊನೆಗೆ ಕೈ ಚೆಲ್ಲಿದ. ನಾನೂ ಹೋಗಲಿಲ್ಲ. ವಾಪಸ್ ವ್ಯಾನ್ ಬರುವವರೆಗೆ ಇಬ್ಬರೂ ಗೇಟಿನ ಈಚೆ, ಸಿಮೆಂಟ್ ಕಟ್ಟೆಯ ಮೇಲೆ ಕೂತಿದ್ದೆವು. ಕ್ಲಬ್ಬಿನಲ್ಲಿ ಯಾರೋ ಟೇಬಲ್ ಟೆನಿಸ್ ಆಡುವುದು ಕಾಣುತ್ತಿತ್ತು. ಅವನು ಒಂದೇ ಮಾತು ಹೇಳಿದ: "ಸರ್, ರಾತ್ರಿ ಈ ಬಂದರಿನಿಂದ ಹತ್ತುವ ಪ್ರತಿಯೊಬ್ಬನ ಕಾರ್ಡನ್ನೂ ನಾನೇ ನೋಡಬೇಕು. ನನ್ನ ಕಾರ್ಡ್ ನೋಡಿ ನಂಬುವವರು ಇಲ್ಲಿ ಯಾರೂ ಇಲ್ಲ." ಅವನ ಸ್ವರದಲ್ಲಿ ಸಿಟ್ಟಿಗಿಂತ ದಣಿವು ಜಾಸ್ತಿ ಇತ್ತು.

ಇಂಥ ಕಥೆ ಇಲ್ಲದ ನಾವಿಕ ನನಗೆ ಸಿಕ್ಕಿಲ್ಲ. ಕೆಲವು ಕಡೆ ವೀಸಾ ಇಲ್ಲ ಅಂತ, ಕೆಲವು ಕಡೆ ನಿನ್ನ ದೇಶದವರಿಗಿಲ್ಲ ಅಂತ, ಕೆಲವು ಕಡೆ ಬೆಂಗಾವಲಿಗೆ ದುಡ್ಡು ಕೊಡು ಅಂತ. ಕೆಲವು ಕಡೆ ಕಾರಣವನ್ನೂ ಹೇಳುವುದಿಲ್ಲ, ಸೆಕ್ಯುರಿಟಿ ಅಂದರೆ ಮುಗಿಯಿತು. ಆ ಪದ ಕೇಳಿದ ಮೇಲೆ ವಾದ ಮಾಡುವ ಹಾಗಿಲ್ಲ. ವಾದ ಮಾಡಿದರೆ ಹೆಸರು ಬರೆದುಕೊಳ್ಳುತ್ತಾರೆ, ಹಡಗಿಗೆ ತೊಂದರೆ ಆಗುತ್ತದೆ, ಮುಂದಿನ ಕಾಂಟ್ರಾಕ್ಟ್ ಸಿಗುತ್ತೋ ಇಲ್ಲವೋ ಅನ್ನುವ ಭಯ ಬೇರೆ. ಅದಕ್ಕೇ ನಮ್ಮವರು ದೂರು ಕೊಡುವುದಿಲ್ಲ. ಮೆಸ್‌ನಲ್ಲಿ ಮಾತಾಡಿಕೊಂಡು ಸುಮ್ಮನಾಗುತ್ತಾರೆ. ಕೊರೋನಾ ಕಾಲದಲ್ಲಿ ಇದು ಎಲ್ಲಿಗೆ ಮುಟ್ಟಿತು ಅಂತ ನೆನಪಿದೆ ಅಲ್ವಾ? 2020ರಲ್ಲಿ ಸುಮಾರು 4 ಲಕ್ಷ ನಾವಿಕರು ಕಾಂಟ್ರಾಕ್ಟ್ ಮುಗಿದರೂ ಹಡಗಿನಿಂದ ಇಳಿಯಲಾಗದೆ ಸಿಕ್ಕಿಬಿದ್ದಿದ್ದರು. ಅವರು ಇಳಿಸುತ್ತಿದ್ದ ಸರಕನ್ನು ಮಾತ್ರ ಯಾವ ಬಂದರೂ ಬೇಡ ಅನ್ನಲಿಲ್ಲ.

ನಿಯಮದಲ್ಲಿ ಏನಿದೆ

ಬಹಳ ಜನ ನಾವಿಕರು ಶೋರ್ ಲೀವ್, ಅಂದರೆ ದಡಕ್ಕೆ ಹೋಗಿಬರುವ ಬಿಡುವು, ಕಿತ್ತುಕೊಂಡದ್ದು ಐಎಸ್‌ಪಿಎಸ್ ಅಂತಲೇ ನಂಬಿದ್ದಾರೆ. ನಿಯಮ ತೆಗೆದು ಓದಿದರೆ ಅಲ್ಲಿ ಬೇರೆಯೇ ಇದೆ. ಅದರ ಪೀಠಿಕೆಯಲ್ಲೇ, ನಾವಿಕರು ಹಡಗಿನ ಮೇಲೆ ಬದುಕುತ್ತಾರೆ, ದುಡಿಯುತ್ತಾರೆ, ಅವರಿಗೆ ಶೋರ್ ಲೀವ್ ಬೇಕು, ವೈದ್ಯರು ಬೇಕು, ದಡದ ಕಲ್ಯಾಣ ಕೇಂದ್ರಗಳು ಬೇಕು, ಯೋಜನೆಗೆ ಒಪ್ಪಿಗೆ ಕೊಡುವಾಗ ಸರ್ಕಾರಗಳು ಇದನ್ನು ಗಮನಿಸಬೇಕು ಅಂತ ಇದೆ. ಕಡ್ಡಾಯ ಭಾಗದಲ್ಲೂ ಇದೆ. ಬಂದರು ಸೌಲಭ್ಯದ ಭದ್ರತಾ ಯೋಜನೆಯಲ್ಲಿ ಏನೇನು ಇರಲೇಬೇಕು ಅನ್ನುವ ಪಟ್ಟಿಯಲ್ಲಿ ಶೋರ್ ಲೀವ್, ಸಿಬ್ಬಂದಿ ಬದಲಾವಣೆ, ಕಾರ್ಮಿಕ ಸಂಘದವರು ಮತ್ತು ಕಲ್ಯಾಣ ಸಂಸ್ಥೆಯವರು ಹಡಗಿಗೆ ಬಂದು ಹೋಗುವುದು, ಇದನ್ನೆಲ್ಲ ಸುಗಮ ಮಾಡುವ ಕ್ರಮವೂ ಸೇರಿದೆ. ಹಡಗು ಸಂಚಾರವನ್ನು ಸುಗಮ ಮಾಡಲು ಬಂದ 1965ರ ಫಾಲ್ ಒಪ್ಪಂದ ಶೋರ್ ಲೀವ್‌ನ ಹಕ್ಕನ್ನು ಅದಕ್ಕೂ ಮೊದಲೇ ಹೇಳಿತ್ತು. ರಾಷ್ಟ್ರೀಯತೆ, ಜನಾಂಗ, ಧರ್ಮ ನೋಡಿ ಭೇದ ಮಾಡಬಾರದು ಅಂತ ಅದರ ತಿದ್ದುಪಡಿ 2018ರಿಂದ ಜಾರಿಯಲ್ಲಿದೆ. 2013ರಲ್ಲಿ ಜಾರಿಗೆ ಬಂದ, ನಾವಿಕರ ದುಡಿಮೆಯ ಅಂತರರಾಷ್ಟ್ರೀಯ ಒಪ್ಪಂದ ಎಂಎಲ್‌ಸಿ ಕೂಡ, ಕೆಲಸಕ್ಕೆ ಅಡ್ಡಿಯಾಗದ ಹಾಗೆ, ಆರೋಗ್ಯಕ್ಕಾಗಿ ಶೋರ್ ಲೀವ್ ಕೊಡಬೇಕು ಅನ್ನುತ್ತದೆ.

ಗುರುತಿನ ಚೀಟಿಯ ಕಥೆಯೂ ಇಂಥದ್ದೇ. ಐಎಸ್‌ಪಿಎಸ್ ಬಂದ ಕೂಡಲೇ, 2003ರಲ್ಲಿ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಐಎಲ್‌ಒ 185ನೇ ಒಪ್ಪಂದ ಮಾಡಿತು. ನಾವಿಕ ತನ್ನ ಬೆರಳಚ್ಚು ಕೊಡುತ್ತಾನೆ, ಬಂದರುಗಳು ಅವನ ಗುರುತನ್ನು ನಂಬಿ ವೀಸಾ ಕೇಳದೆ ದಡಕ್ಕೆ ಬಿಡುತ್ತವೆ, ಇದು ಅದರ ಆಶಯ. ನಾವಿಕರ ಸಂಘಗಳು ಇದನ್ನು ಒಪ್ಪಿದ್ದೂ ವೀಸಾ ಕೇಳದೆ ಬಿಡುವ ಆ ಮಾತಿಗಾಗಿ. ಆದರೆ ಬಹಳ ದೇಶಗಳು ಅದನ್ನು ಅಂಗೀಕರಿಸಲಿಲ್ಲ. ಅಮೆರಿಕ ಅಂಗೀಕರಿಸಲಿಲ್ಲ, ಅಲ್ಲಿ ಇಳಿಯಬೇಕೆಂದರೆ ಇವತ್ತಿಗೂ ವೀಸಾ ಬೇಕು. ನಾವು ನಮ್ಮ ಪಾಲಿನದನ್ನು ಕೊಟ್ಟೆವು, ವಾಪಸ್ ಬರಬೇಕಾದ್ದು ಪೂರ್ತಿ ಬರಲಿಲ್ಲ. ಆದರೂ ಅದೇ ಅಮೆರಿಕದಲ್ಲಿ ಒಂದು ಒಳ್ಳೆಯದೂ ಆಯಿತು. 2019ರಲ್ಲಿ ಅಲ್ಲಿನ ಕೋಸ್ಟ್ ಗಾರ್ಡ್ ಒಂದು ನಿಯಮ ತಂದಿತು. ಹಡಗಿನಿಂದ ಗೇಟಿನವರೆಗೆ ನಾವಿಕರು ಸಕಾಲದಲ್ಲಿ ಹೋಗಿಬರುವ ವ್ಯವಸ್ಥೆ ಪ್ರತಿ ಟರ್ಮಿನಲ್‌ನಲ್ಲೂ ಇರಬೇಕು, ಅದಕ್ಕಾಗಿ ನಾವಿಕನ ಹತ್ತಿರ ದುಡ್ಡು ಕೇಳಬಾರದು ಅಂತ. ಸಂಘಗಳು, ಕಲ್ಯಾಣ ಸಂಸ್ಥೆಗಳು ವರ್ಷಗಟ್ಟಲೆ ಬಡಿದಾಡಿದ ಫಲ ಅದು.

ಗೇಟಿನ ಹುಡುಗನ ಮೇಲೆ ನನಗೆ ಕೋಪ ಇಲ್ಲ. ಅವನು ಯಾವುದೋ ಗುತ್ತಿಗೆ ಕಂಪನಿಯ ನೌಕರ. ಒಬ್ಬನನ್ನು ತಪ್ಪಾಗಿ ಬಿಟ್ಟರೆ ಅವನ ಕೆಲಸ ಹೋಗುತ್ತದೆ. ಹತ್ತು ಜನರನ್ನು ತಪ್ಪಾಗಿ ತಡೆದರೆ ಅವನನ್ನು ಕೇಳುವವರಿಲ್ಲ. ಅವನ ಜಾಗದಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಾರೆ. ಬಂದರಿನ ಕೂಲಿಕಾರರ, ಕ್ರೇನ್ ಆಪರೇಟರ್‌ಗಳ, ಲಾರಿ ಚಾಲಕರ ಮಾತು ಕೇಳಿದರೂ ಇದೇ ಹದ. ದಿನಾ ಒಂದೇ ಗೇಟಿನಲ್ಲಿ ಜೇಬು ತೋರಿಸಬೇಕು, ಹಿನ್ನೆಲೆ ತಪಾಸಣೆಗೆ ಕಾಯಬೇಕು, ಕಾರ್ಡ್ ಓದುವ ಯಂತ್ರ ಕೆಟ್ಟರೆ ಆ ಹೊತ್ತಿನ ಕೂಲಿ ಕೈ ತಪ್ಪುತ್ತದೆ. ಯಾವ ಕಂಟೇನರ್‌ನ ಸೀಲ್ ಒಡೆದು ಮತ್ತೆ ಅಂಟಿಸಿದ ಹಾಗಿದೆ, ಯಾವ ಮುಖ ಇಲ್ಲಿಗೆ ಹೊಸದು ಅಂತ ಮೊದಲು ಗೊತ್ತಾಗುವುದು ಇವರಿಗೇ. ಅದನ್ನು ಅವರ ಹತ್ತಿರ ಕೇಳುವ ಪದ್ಧತಿ ಬಹಳ ಕಡೆ ಇಲ್ಲ.

ಮುಳ್ಳುತಂತಿ ಕಟ್ಟಿದ ದಿನಗಳು

ನಾವಿಕರಿಗೆ ಭದ್ರತೆ ಅಂದರೇ ಅಲರ್ಜಿ ಅಂತ ಆಫೀಸಿನಲ್ಲಿ ಕೂತ ಕೆಲವರು ತಿಳಿದಿದ್ದಾರೆ. ಅವರು ಸೊಮಾಲಿ ಕಡಲ್ಗಳ್ಳರ ಕಾಲದಲ್ಲಿ ಏಡನ್ ಕೊಲ್ಲಿ ದಾಟುವ ಹಡಗನ್ನು ನೋಡಬೇಕಿತ್ತು. ರೇಜರ್ ವೈರ್ ಸುರುಳಿ ಬಿಚ್ಚುವುದು ಕೆಟ್ಟ ಕೆಲಸ. ದಪ್ಪ ಕೈಗವಸು ಹಾಕಿದರೂ ಮುಂಗೈ ಹರಿಯುತ್ತದೆ. ಬಿಸಿಲಿಗೆ ಕಬ್ಬಿಣ ಕಾದಿರುತ್ತದೆ. ನಮ್ಮ ಹಡಗಿನಲ್ಲಿ ಆ ಕೆಲಸಕ್ಕೆ ಡೆಕ್‌ನವರ ಜೊತೆ ಎಂಜಿನ್ ರೂಮಿನವರೂ ಬಂದರು, ಅಡುಗೆಯವನೂ ಬಂದ. ಯಾರೂ ಓವರ್‌ಟೈಮ್ ಕೇಳಲಿಲ್ಲ. ಕೈಪಿಡಿಯಲ್ಲಿ ಹೇಳಿದ ಹಾಗೆ ಸುತ್ತಲೂ ಒಂದೇ ಸಮ ಕಟ್ಟುತ್ತಾ ಹೋಗುವಾಗ ಡೆಕ್ ನಾವಿಕರ ಮೇಸ್ತ್ರಿ ಬೋಸನ್ ನಿಲ್ಲಿಸಿದ. ಹಿಂಭಾಗದಲ್ಲಿ ಡೆಕ್ ನೀರಿಗೆ ಹತ್ತಿರ ಇದೆ, ಏಣಿ ಹಾಕುವವನು ಅಲ್ಲೇ ಹಾಕುತ್ತಾನೆ, ಅಲ್ಲಿ ಎರಡು ಸುತ್ತು ಬೇಕು, ಮುಂದೆ ಒಂದು ಸಾಕು ಅಂದ. ಕ್ಯಾಪ್ಟನ್ ಹಿಂದೆ ಹೋಗಿ ಬಗ್ಗಿ ನೋಡಿದರು. ಸರಿ ಅಂದರು. ಕಡಲ್ಗಳ್ಳರು ಹತ್ತಿದರೆ ಎಲ್ಲರೂ ಒಳಗೆ ಸೇರಿ ಬಾಗಿಲು ಭದ್ರ ಮಾಡಿಕೊಳ್ಳುವ ಸಿಟಾಡೆಲ್ ಆಗಿ ಯಾವ ಜಾಗ ಇರಬೇಕು, ಅಲ್ಲಿ ಎಷ್ಟು ನೀರು ಇಡಬೇಕು, ಒಳಗಿನಿಂದ ಎಂಜಿನ್ ನಿಲ್ಲಿಸುವುದು ಹೇಗೆ ಅಂತ ಸೆಕೆಂಡ್ ಎಂಜಿನಿಯರ್ ಒಂದು ಸಂಜೆ ಎಲ್ಲರನ್ನೂ ಕರೆದುಕೊಂಡು ಹೋಗಿ ತೋರಿಸಿದ. ಆ ಡ್ರಿಲ್ ಯಾರೂ ಗಡಿಯಾರ ನೋಡುತ್ತಾ ಮಾಡಲಿಲ್ಲ.

ಇದನ್ನು ಮೂರು ತಿಂಗಳಿಗೊಮ್ಮೆ ಲಾಗ್‌ಗಾಗಿ ಮಾಡುವ ಸೆಕ್ಯುರಿಟಿ ಡ್ರಿಲ್ ಜೊತೆ ಇಟ್ಟು ನೋಡಿ. ಬಾಂಬ್ ಬೆದರಿಕೆ ಅಂತ ಘೋಷಣೆ, ಹುಡುಕಾಟದ ಪಟ್ಟಿಗೆ ಟಿಕ್, ಫೋಟೊ, ಸಹಿ. ಹಡಗಿನ ಭದ್ರತಾ ಯೋಜನೆ ಗುಟ್ಟಿನ ಕಡತ. ಅದು ಬೀಗದಲ್ಲಿರುತ್ತದೆ, ಇರಬೇಕಾದದ್ದೇ. ಆದರೆ ತನ್ನ ಪಾಲಿನ ಕೆಲಸ ಯಾಕಾಗಿ ಅನ್ನುವುದಾದರೂ ಕಿರಿಯ ಡೆಕ್ ನಾವಿಕ ಓ.ಎಸ್.ಗೆ ಗೊತ್ತಿರಬೇಕಲ್ವಾ? ಬ್ರಿಡ್ಜ್‌ನಲ್ಲೂ ಇನ್ನೊಂದು ಕಡೆಯೂ ಮೌನ ಅಲಾರಂ ಬಟನ್ ಇದೆ. ಒತ್ತಿದರೆ ಹಡಗಿನಲ್ಲಿ ಏನೂ ಸದ್ದಾಗುವುದಿಲ್ಲ, ಸಂದೇಶ ದಡಕ್ಕೆ ಹೋಗುತ್ತದೆ. ಒತ್ತಿದ ಮೇಲೆ ದಡದಲ್ಲಿ ಯಾರು ಏನು ಮಾಡುತ್ತಾರೆ ಅಂತ ಬಿಡಿಸಿ ಹೇಳಿದ ಕಂಪನಿಗಳಲ್ಲಿ ಜನ ಆ ಬಟನ್ ಮೇಲೆ ನಂಬಿಕೆ ಇಟ್ಟಿದ್ದಾರೆ. ಹೇಳದ ಕಡೆ ಇಟ್ಟಿಲ್ಲ.

ಈಗಿನ ಅಪಾಯಗಳು ಬೇರೆ. 2023ರ ನವೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ ಯೆಮೆನ್‌ನ ಹೂತಿ ಬಂಡುಕೋರರು ಗ್ಯಾಲಕ್ಸಿ ಲೀಡರ್ ಹಡಗಿನ ಮೇಲೆ ಹೆಲಿಕಾಪ್ಟರ್‌ನಿಂದ ಇಳಿದು ಅದನ್ನು ವಶ ಮಾಡಿಕೊಂಡರು. ಅದರ 25 ಜನ ಸಿಬ್ಬಂದಿ ಬಿಡುಗಡೆಯಾಗಿದ್ದು 2025ರ ಜನವರಿಯಲ್ಲಿ. 2024ರ ಮಾರ್ಚ್‌ನಲ್ಲಿ ಟ್ರೂ ಕಾನ್ಫಿಡೆನ್ಸ್ ಹಡಗಿಗೆ ಕ್ಷಿಪಣಿ ಬಡಿದು ಮೂವರು ನಾವಿಕರು ಸತ್ತರು. ಕ್ಷಿಪಣಿಗೆ ಮುಳ್ಳುತಂತಿ ಅಡ್ಡ ಬರುವುದಿಲ್ಲ. ಇಂಥ ನೀರಿಗೆ ಹೋಗುವುದಿಲ್ಲ ಅಂತ ಹೇಳುವ ಹಕ್ಕು ಸಂಘದ ಒಪ್ಪಂದ ಇರುವ ಹಡಗುಗಳಲ್ಲಿ ಇದೆ. ಒಪ್ಪಂದ ಇಲ್ಲದ ಹಡಗಿನವನಿಗೆ ಬಹಳ ಸಲ ಕೈಯಲ್ಲಿ ಏನೂ ಇರುವುದಿಲ್ಲ. ಇನ್ನೊಂದು ಭಯ ಮಾದಕ ವಸ್ತುವಿನದು. ಸರಕಿನ ನಡುವೆಯೋ, ಹಡಗು ಸಮುದ್ರದ ನೀರು ಎಳೆದುಕೊಳ್ಳುವ, ನೀರಿನಡಿಯ ಗೂಡಾದ ಸೀ ಚೆಸ್ಟ್‌ನಲ್ಲೋ ಯಾರೋ ಇಟ್ಟುಹೋದ ಪೊಟ್ಟಣ ಸಿಕ್ಕಿದರೆ ಮೊದಲು ಪ್ರಶ್ನೆ ಬರುವುದು ಸಿಬ್ಬಂದಿಗೆ. ತಾವೇ ಕಂಡು, ತಾವೇ ವರದಿ ಮಾಡಿದರೂ ತಿಂಗಳುಗಟ್ಟಲೆ ಪರದೇಶದಲ್ಲಿ ಕೂರಬೇಕಾದೀತು ಅನ್ನುವ ಹೆದರಿಕೆ ಪ್ರತಿ ಹಡಗಿನಲ್ಲೂ ಇದೆ. ಹೀಗೆ ಹೆದರಿದ ನಾವಿಕ ಸಂಶಯ ಬಂದರೂ ಬಾಯಿ ಬಿಡಲು ಎರಡು ಸಲ ಯೋಚಿಸುತ್ತಾನೆ. ಇದು ಯಾವ ಬೇಲಿಯಿಂದಲೂ ಮುಚ್ಚಲಾಗದ ತೂತು.

ಹೊರಗೆ ಬಿಡುವ ಬಂದರುಗಳು

ಚೆನ್ನಾಗಿ ನಡೆಯುವ ಟರ್ಮಿನಲ್‌ಗಳನ್ನೂ ನಾನು ನೋಡಿದ್ದೇನೆ. ಅವುಗಳ ಬೇಲಿ ಬೇರೆಯವರ ಬೇಲಿಗಿಂತ ಗಿಡ್ಡ ಏನಿಲ್ಲ, ತಪಾಸಣೆಯೂ ಸಡಿಲ ಇಲ್ಲ. ಅಲ್ಲಿ ಸಿಬ್ಬಂದಿ ಪಟ್ಟಿ ಏಜೆಂಟ್ ಕೈ ದಾಟಿ ಬರುವುದಿಲ್ಲ. ಹಡಗು ಬರುವ ಮುಂಚೆಯೇ ಕಳಿಸಿದ ಪಟ್ಟಿ ನೇರ ಗೇಟಿನ ಕಂಪ್ಯೂಟರ್‌ನಲ್ಲಿರುತ್ತದೆ. ನಾವಿಕರ ಕಲ್ಯಾಣ ಸಂಸ್ಥೆಯ ವ್ಯಾನ್ ಚಾಲಕನಿಗೆ ಟರ್ಮಿನಲ್ ಒಳಗೆ ಬರುವ ಕಾಯಂ ಪಾಸ್ ಕೊಟ್ಟಿರುತ್ತಾರೆ. ವ್ಯಾನ್ ಹೊರಡುವ ಹೊತ್ತು ಗ್ಯಾಂಗ್‌ವೇ ಹತ್ತಿರ ಅಂಟಿಸಿರುತ್ತದೆ. ತೊಂದರೆ ಆದರೆ ಫೋನ್ ಮಾಡಲು ಬಂದರಿನ ಸೆಕ್ಯುರಿಟಿ ಆಫೀಸರ್ ನಂಬರ್ ಅದರ ಕೆಳಗಿರುತ್ತದೆ, ರಾತ್ರಿ ಮಾಡಿದರೂ ಯಾರಾದರೂ ಎತ್ತುತ್ತಾರೆ. ಇದರಲ್ಲಿ ದುಬಾರಿ ಯಾವುದೂ ಇಲ್ಲ. ನಮ್ಮ ಹಡಗಿನ ತಪಾಸಣೆಗೆ ಬರುವವರು ಗ್ಯಾಂಗ್‌ವೇ ರಿಜಿಸ್ಟರ್ ತೆಗೆದು ಯಾರು ಒಳಗೆ ಬಂದರು ಅಂತ ಸಾಲು ಸಾಲಾಗಿ ಓದುತ್ತಾರೆ. ಟರ್ಮಿನಲ್ ಆಡಿಟ್ ಮಾಡುವವರೂ ಹಾಗೆಯೇ ಗೇಟಿನ ರಿಜಿಸ್ಟರ್ ತೆಗೆಯಲಿ. ಕಳೆದ ತಿಂಗಳು ಬಂದ ಹಡಗುಗಳಿಂದ ಎಷ್ಟು ನಾವಿಕರು ಹೊರಗೆ ಹೋದರು, ಎಷ್ಟು ಜನರನ್ನು ವಾಪಸ್ ಕಳಿಸಿದರು, ಯಾವ ಕಾರಣಕ್ಕೆ ಅಂತ ಕೇಳಲಿ. ಶೋರ್ ಲೀವ್ ಕ್ರಮ ಯೋಜನೆಯಲ್ಲಿ ಬರೆದಿದೆಯಾ ಅಂತ ಈಗಲೂ ನೋಡುತ್ತಾರೆ. ಅದು ನಡೆಯುತ್ತಿದೆಯಾ ಅನ್ನುವುದು ಆ ರಿಜಿಸ್ಟರ್‌ನಲ್ಲಿ ಸಿಗುತ್ತದೆ.